ಯಾಮಾನಾಮಿ: ಬಿಸಿನೀರಿನ ಊರುಗಳನ್ನು ಪೋಣಿಸಿದ ಬೆಟ್ಟದ ಹಾದಿ

ಜಪಾನಿನ ಆಧುನಿಕ ಇತಿಹಾಸದಲ್ಲಿ 1964 ಮರೆಯಲಾಗದ ವರ್ಷ. ಆ ಅಕ್ಟೋಬರ್‌ನಲ್ಲಿ ಟೋಕಿಯೊ ನಗರ ಒಲಿಂಪಿಕ್ ಕ್ರೀಡಾಕೂಟಕ್ಕೆ ಆತಿಥ್ಯ ನೀಡಿತು. ಟೋಕಿಯೊ ಮತ್ತು ಒಸಾಕಾ ನಡುವೆ ಜಗತ್ತಿನ ಮೊದಲ ಅತಿವೇಗದ ರೈಲು ಓಡತೊಡಗಿತು. ಯುದ್ಧದಲ್ಲಿ ಸುಟ್ಟು ಬೂದಿಯಾಗಿದ್ದ ದೇಶ ಮತ್ತೆ ಎದ್ದು ನಿಂತಿದ್ದನ್ನು ಜಗತ್ತು ಬೆರಗಿನಿಂದ ನೋಡಿತು. ಅದೇ ವರ್ಷ, ರಾಜಧಾನಿಯಿಂದ ಬಲುದೂರದ ಕ್ಯೂಶು ದ್ವೀಪದಲ್ಲಿ ಇನ್ನೊಂದು ಹಾದಿ ತೆರೆಯಿತು. ಅದರ ಹೆಸರು ಯಾಮಾನಾಮಿ ಹೆದ್ದಾರಿ. ‘ಯಾಮಾನಾಮಿ’ ಎಂದರೆ ಅಲೆಯಲೆಯಾಗಿ ಹಬ್ಬಿದ ಬೆಟ್ಟಸಾಲು.

ಪೂರ್ವ ಕರಾವಳಿಯ ಬೆಪ್ಪು ನಗರದಿಂದ ಹೊರಡುವ ಈ ಹಾದಿ ಬೆಟ್ಟ ಹತ್ತಿ, ಯುಫುಯಿನ್ ಕಣಿವೆಗೆ ಇಳಿದು, ಮತ್ತೆ ಕುಜು ಪ್ರಸ್ಥಭೂಮಿಯ ಹುಲ್ಲುಗಾವಲನ್ನು ಏರಿ, ಕೊನೆಗೆ ಆಸೊ ಜ್ವಾಲಾಮುಖಿಯ ಮಡಿಲಿಗೆ ಸೇರುತ್ತದೆ. ಮಾಕಿನೊತೊ ಕಣಿವೆದಾರಿಯಲ್ಲಿ ಇದರ ಎತ್ತರ ಸಮುದ್ರಮಟ್ಟದಿಂದ 1,330 ಮೀಟರ್. ಜಪಾನಿನಲ್ಲೂ ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲೇ ಸಾಗುವುದರಿಂದ ಭಾರತೀಯ ಚಾಲಕನಿಗೆ ಇಲ್ಲಿ ಗೊಂದಲವಿಲ್ಲ. ಗೊಂದಲವೇನಿದ್ದರೂ ಎಲ್ಲಿ ನಿಲ್ಲಬೇಕು ಎಂಬುದರದು. ಏಕೆಂದರೆ ದಾರಿಯುದ್ದಕ್ಕೂ ನೆಲದಿಂದ ಹಬೆ ಏಳುತ್ತಿರುತ್ತದೆ. ಹಬೆ ಎದ್ದ ಕಡೆಯಲ್ಲೆಲ್ಲ ಒಂದು ಸ್ನಾನದ ಮನೆ ಇರುತ್ತದೆ.

ಬಿಸಿನೀರಿನ ಬುಗ್ಗೆಗೆ ಜಪಾನೀಯರು ‘ಒನ್‌ಸೆನ್’ ಎನ್ನುತ್ತಾರೆ. ಯಾವುದನ್ನು ಒನ್‌ಸೆನ್ ಎಂದು ಕರೆಯಬಹುದು ಎಂಬುದಕ್ಕೆ ಅಲ್ಲಿ ಕಾನೂನೇ ಇದೆ. 1948ರ ಕಾಯ್ದೆಯ ಪ್ರಕಾರ ನೆಲದಿಂದ ಹೊರಬರುವಾಗ ನೀರು ಕನಿಷ್ಠ 25 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ಇಲ್ಲವೇ ಪಟ್ಟಿಯಲ್ಲಿ ಹೇಳಿದ 19 ಅಂಶಗಳಲ್ಲಿ ಒಂದಾದರೂ ಅದರಲ್ಲಿ ನಿಗದಿತ ಪ್ರಮಾಣದಲ್ಲಿರಬೇಕು. ದೇಶದಲ್ಲಿ ಇಂಥ 27 ಸಾವಿರಕ್ಕೂ ಹೆಚ್ಚು ಬುಗ್ಗೆಗಳಿವೆ. ತೊಟ್ಟಿಗೆ ಇಳಿಯುವ ಮುನ್ನ ಹೊರಗೇ ಮೈ ತೊಳೆದುಕೊಳ್ಳಬೇಕು, ತೊಟ್ಟಿಯೊಳಗೆ ಸೋಪು ಹಚ್ಚಬಾರದು, ಟವೆಲು ಅದ್ದಬಾರದು. ನೀರು ಎಲ್ಲರದು ಎಂಬುದೇ ಈ ನಿಯಮಗಳ ತಿರುಳು. ಯಾಮಾನಾಮಿ ಹಾದಿಯ ಊರುಗಳ ಇತಿಹಾಸವನ್ನು ನೋಡಿದರೆ, ಈ ಮಾತು ಸ್ನಾನದ ತೊಟ್ಟಿಗಷ್ಟೇ ಸೀಮಿತವಲ್ಲವೆಂದು ತಿಳಿಯುತ್ತದೆ. ಬೆಟ್ಟ, ಹುಲ್ಲು, ದಾರಿಬದಿಯ ನೋಟ ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಇಲ್ಲಿ ಮತ್ತೆ ಮತ್ತೆ ಎದ್ದಿದೆ.

ನರಕ ತೋರಿಸಿ ಬದುಕಿದ ಊರು

ಬೆಪ್ಪು ಎಂಬ ಹೆಸರು ಕನ್ನಡಿಗರಿಗೆ ನಗು ತರಿಸಬಹುದು. ಆದರೆ ಊರಿನವರು ಬೆಪ್ಪರಲ್ಲ. ಈ ಒಂದು ನಗರದಲ್ಲೇ 2,000ಕ್ಕೂ ಹೆಚ್ಚು ಬಿಸಿನೀರಿನ ಸೆಲೆಗಳಿವೆ. ಬೇರಾವ ಜಪಾನೀ ಊರಿನಲ್ಲೂ ಇಷ್ಟು ಬಿಸಿನೀರು ಹೊರಬರುವುದಿಲ್ಲ. ಬೆಟ್ಟದ ಮೇಲೆ ಸುರಿದ ಮಳೆ ನೆಲದಾಳಕ್ಕೆ ಇಳಿದು, ಜ್ವಾಲಾಮುಖಿಯ ಕಾವಿನಲ್ಲಿ ಕುದಿದು, ಹಲವು ದಶಕಗಳ ನಂತರ ಮೇಲೆ ಬರುತ್ತದೆ. ಇಂದಿನ ಸ್ನಾನದ ನೀರು ಅಜ್ಜಂದಿರ ಕಾಲದ ಮಳೆಯಾಗಿರಬಹುದು.

ಕುದಿಯುವ ದೊಡ್ಡ ಕೊಳಗಳನ್ನು ಇಲ್ಲಿಯವರು ‘ಜಿಗೊಕು’ ಎನ್ನುತ್ತಾರೆ, ಅಂದರೆ ನರಕ. ಭಾರತದಿಂದ ಚೀನಾ ಮಾರ್ಗವಾಗಿ ಜಪಾನಿಗೆ ಹೋದ ಬೌದ್ಧ ಧರ್ಮದ ಜೊತೆಗೆ ನರಕದ ಕಲ್ಪನೆಯೂ ಹೋಯಿತು. ನೆತ್ತರಿನಂತೆ ಕೆಂಪಾದ ಕೊಳ ‘ರಕ್ತಕುಂಡ ನರಕ’ವಾಯಿತು. ಕಬ್ಬಿಣದ ಅಂಶವಿರುವ ಮಣ್ಣೇ ಆ ಬಣ್ಣಕ್ಕೆ ಕಾರಣ. ಎಂಟನೇ ಶತಮಾನದ ಪ್ರಾಂತೀಯ ದಾಖಲೆಯೊಂದರಲ್ಲೇ ಈ ಕೆಂಪು ಬಿಸಿನೀರಿನ ಉಲ್ಲೇಖವಿದೆ. 13ನೇ ಶತಮಾನದಲ್ಲಿ ಇಪ್ಪೆನ್ ಎಂಬ ಬೌದ್ಧ ಸನ್ಯಾಸಿ ಬಂದು ಈ ನರಕಗಳನ್ನು ಶಾಂತಗೊಳಿಸಿ, ಕನ್ನಾವಾ ಎಂಬಲ್ಲಿ ಹಬೆಸ್ನಾನವನ್ನು ಆರಂಭಿಸಿದನೆಂದು ಐತಿಹ್ಯ.

ಹಿಂದೆ ರೈತರಿಗೆ ಈ ಕೊಳಗಳು ಕೃಷಿಗೆ ಬಾರದ, ಕಾಲಿಟ್ಟರೆ ಸುಡುವ ಶಾಪದ ನೆಲವಾಗಿದ್ದವು. ಉಪಯೋಗವೆಂದರೆ ಚಿಕಿತ್ಸೆ. ನಾಟಿ, ಕೊಯ್ಲು ಮುಗಿದ ಬಳಿಕ ರೈತ ಕುಟುಂಬಗಳು ಅಕ್ಕಿ, ತರಕಾರಿ ಹೊತ್ತು ತಂದು ವಾರಗಟ್ಟಲೆ ಇಲ್ಲಿ ಉಳಿದು, ದಿನವೂ ಮಿಂದು ಮೈನೋವು ಕಳೆದುಕೊಳ್ಳುತ್ತಿದ್ದವು. ಅಡುಗೆಗೆ ಸೌದೆಯ ಖರ್ಚೂ ಇರಲಿಲ್ಲ. ನೆಲದಿಂದ ಬರುವ ಹಬೆಯ ಮೇಲೆಯೇ ಗೆಣಸು, ಮೊಟ್ಟೆ ಬೇಯುತ್ತಿದ್ದವು. ಕನ್ನಾವಾದಲ್ಲಿ ಈ ‘ನರಕದ ಅಡುಗೆ’ ಇಂದಿಗೂ ಇದೆ.

1871ರಲ್ಲಿ ಬಂದರು ನಿರ್ಮಾಣವಾಗಿ ಹಡಗುಗಳು ಬರತೊಡಗಿದ ಮೇಲೆ ಬೆಪ್ಪುವಿನ ಚಹರೆ ಬದಲಾಯಿತು. ಈ ಬದಲಾವಣೆಗೆ ವೇಗ ಕೊಟ್ಟವನು ಅಬುರಾಯಾ ಕುಮಾಹಾಚಿ. 1863ರಲ್ಲಿ ಹುಟ್ಟಿದ ಈತ ಅಕ್ಕಿ ಸಟ್ಟಾ ವ್ಯಾಪಾರದಲ್ಲಿ ಗಳಿಸಿದ್ದನ್ನೆಲ್ಲ ಕಳೆದುಕೊಂಡು, ಅಮೆರಿಕದಲ್ಲೂ ಕೆಲಕಾಲ ಅಲೆದು, 1911ರಲ್ಲಿ ಬೆಪ್ಪುವಿನಲ್ಲಿ ಒಂದು ಸಣ್ಣ ವಸತಿಗೃಹ ತೆರೆದ. 1928ರಲ್ಲಿ ನರಕದರ್ಶನಕ್ಕೆಂದೇ ಬಸ್ಸು ಓಡಿಸಿದ. ಬಸ್ಸಿನಲ್ಲಿ ಸ್ಥಳಪರಿಚಯ ಹೇಳಲು ಯುವತಿಯರನ್ನು ನೇಮಿಸಿದ. ಜಪಾನಿನ ಮಟ್ಟಿಗೆ ಇದು ಹೊಸತು. ಆ ಹುಡುಗಿಯರು ಪದ್ಯದ ಧಾಟಿಯಲ್ಲಿ ರಾಗವಾಗಿ ವಿವರಣೆ ನೀಡುತ್ತಿದ್ದರು.

ಬೆಪ್ಪುವಿನಿಂದ ಬೆಟ್ಟಗಳನ್ನು ದಾಟಿ ಆಸೊವರೆಗೆ, ಅಲ್ಲಿಂದ ಮುಂದೆ ನಾಗಾಸಾಕಿವರೆಗೆ ಪ್ರವಾಸಿ ರಸ್ತೆಯೊಂದು ಬೇಕೆಂದು ಪ್ರಚಾರ ಮಾಡಿದವರಲ್ಲಿ ಕುಮಾಹಾಚಿ ಮುಖ್ಯನಾದವನು. 1935ರಲ್ಲಿ ಆತ ತೀರಿಕೊಂಡಾಗ ಅದು ಕನಸಾಗಿಯೇ ಉಳಿದಿತ್ತು. ಸುಮಾರು ಮೂವತ್ತು ವರ್ಷಗಳ ನಂತರ ಆ ಕನಸು ಯಾಮಾನಾಮಿ ಹೆದ್ದಾರಿಯಾಗಿ ನನಸಾಯಿತು.

ಆದರೆ ಬೆಪ್ಪುವಿನ ಯಶಸ್ಸಿಗೆ ಇನ್ನೊಂದು ಮುಖವೂ ಇತ್ತು. 19ನೇ ಶತಮಾನದ ಕೊನೆಯಿಂದ ಬಿಸಿನೀರಿಗಾಗಿ ಕೊಳವೆಬಾವಿಗಳನ್ನು ಕೊರೆಯತೊಡಗಿದರು. ಒಬ್ಬ ಕೊರೆದರೆ ಪಕ್ಕದವನ ನೀರು ಇಳಿಯುತ್ತಿತ್ತು. ಬರಗಾಲದ ಬಯಲುಸೀಮೆಯ ರೈತನಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. 1960ರ ದಶಕದಲ್ಲಿ ಓಯಿತಾ ಪ್ರಾಂತದ ಆಡಳಿತ ಬೆಪ್ಪುವಿನ ಕೆಲವು ಪ್ರದೇಶಗಳಲ್ಲಿ ಹೊಸದಾಗಿ ಕೊರೆಯುವುದಕ್ಕೆ ತಡೆ ಹಾಕಬೇಕಾಯಿತು. ಭೂಮಿಯೊಳಗಿನ ಬಿಸಿನೀರಿಗೂ ಮಿತಿಯಿದೆ ಎಂಬ ಅರಿವು ಅಷ್ಟು ಹೊತ್ತಿಗೆ ಬಂದಿತ್ತು.

ಅಣೆಕಟ್ಟು ಬೇಡವೆಂದ ಕಣಿವೆ

ಬೆಪ್ಪು ಬಿಟ್ಟು ಬೆಟ್ಟ ಏರಿದರೆ 1,583 ಮೀಟರ್ ಎತ್ತರದ ಯುಫು ಶಿಖರ ಎದುರಾಗುತ್ತದೆ. ಅದರ ಬುಡದಲ್ಲಿ, ಬಟ್ಟಲಿನಂಥ ಬಯಲಿನಲ್ಲಿ ಯುಫುಯಿನ್ ಇದೆ. ಗದ್ದೆಗಳು, ನಡುವೆ ಸಣ್ಣ ಹೊಳೆ, ಚಳಿಗಾಲದ ಬೆಳಗ್ಗೆ ಇಡೀ ಕಣಿವೆಯನ್ನು ತುಂಬುವ ಮಂಜು. ನೋಡಿದವರಿಗೆ ಇದು ಯಾರೂ ಮುಟ್ಟದ ಊರು ಎನಿಸಬಹುದು. ವಾಸ್ತವದಲ್ಲಿ ಈ ಊರು ಮೂರು ಬಾರಿಯಾದರೂ ಅಪಾಯದ ಅಂಚಿಗೆ ಹೋಗಿ ಬಂದಿದೆ.

ಮೊದಲನೆಯದು 1952ರಲ್ಲಿ. ಕಣಿವೆಯನ್ನೇ ಜಲಾಶಯ ಮಾಡಿ ವಿದ್ಯುತ್ ಉತ್ಪಾದಿಸುವ ಯೋಜನೆ ಬಂತು. ಪರಿಹಾರದ ಹಣ ಬರುತ್ತದೆ, ಸರೋವರ ನೋಡಲು ಪ್ರವಾಸಿಗಳು ಬರುತ್ತಾರೆ ಎಂಬ ಆಸೆಯೂ ಊರಿನಲ್ಲಿತ್ತು. ಯುವಕರು ಇದನ್ನು ವಿರೋಧಿಸಿ ಸಂಘಟಿತರಾದರು, ಯೋಜನೆ ಕೈಬಿಟ್ಟುಹೋಯಿತು. 1955ರಲ್ಲಿ ಎರಡು ಊರುಗಳು ಸೇರಿ ಹೊಸ ಪಟ್ಟಣವಾದಾಗ, ಈ ಚಳವಳಿಯಲ್ಲಿದ್ದ ಇವಾವೊ ಹಿದೆಕಾಜು 36ನೇ ವಯಸ್ಸಿನಲ್ಲೇ ಅದರ ಮುಖ್ಯಸ್ಥರಾಗಿ ಆಯ್ಕೆಯಾದರು. ಬೆಪ್ಪುವಿನ ಥಳಕು ತಮಗೆ ಬೇಡ, ಬಂದವರ ಆರೋಗ್ಯ ಸುಧಾರಿಸುವ ಶಾಂತ ಊರು ಸಾಕು ಎಂಬುದು ಅವರ ನಿಲುವಾಗಿತ್ತು.

ಎರಡನೆಯ ಅಪಾಯವನ್ನು ಯಾಮಾನಾಮಿ ರಸ್ತೆಯೇ ತಂದಿತು. ರಸ್ತೆ ಬಂದ ಮೇಲೆ ಹೊರಗಿನ ಬಂಡವಾಳಕ್ಕೆ ಬೆಟ್ಟದ ನೆಲದ ಮೇಲೆ ಕಣ್ಣು ಬಿತ್ತು. 1970ರಲ್ಲಿ ರಸ್ತೆಯ ಪಕ್ಕದ ಇನೊಸೆತೊ ಜೌಗು ಪ್ರದೇಶದಲ್ಲಿ ಗಾಲ್ಫ್ ಮೈದಾನ ಮಾಡುವ ಪ್ರಸ್ತಾಪ ಬಂತು. ಅಪರೂಪದ ಹೂಗಿಡಗಳಿದ್ದ ಆ ಜಾಗವನ್ನು ಉಳಿಸಿಕೊಳ್ಳಲು ಯುಫುಯಿನ್ ಜನ ಮತ್ತೆ ಸಂಘ ಕಟ್ಟಿದರು. ಗಾಲ್ಫ್ ಯೋಜನೆ ನಿಂತಿತು. ಆಮೇಲೆ ಅವರಿಗೆ ಒಂದು ಸತ್ಯ ಹೊಳೆಯಿತು: ಬೇಡ ಎನ್ನುವುದಷ್ಟೇ ಸಾಲದು, ಏನು ಬೇಕು ಎಂಬುದನ್ನೂ ಹೇಳಬೇಕು.

ಆ ಉತ್ತರ ಹುಡುಕಿ 1971ರಲ್ಲಿ ಮೂವರು ವಸತಿಗೃಹ ಮಾಲೀಕರು ಸಾಲ ಮಾಡಿ ಸುಮಾರು 50 ದಿನ ಯೂರೋಪು ಸುತ್ತಿದರು. ಟೋಕಿಯೊದ ಚಿತ್ರ ಸಂಸ್ಥೆಯೊಂದರಲ್ಲಿ ಸಹಾಯಕ ನಿರ್ದೇಶಕರಾಗಿದ್ದು, ತಂದೆ ತೀರಿಕೊಂಡಾಗ ಊರಿಗೆ ಮರಳಿದ್ದ ನಾಕಾಯಾ ಕೆಂತಾರೊ ಅವರಲ್ಲಿ ಒಬ್ಬರು. ಮಿಜೊಗುಚಿ ಕುನ್‌ಪೇಯಿ, ಶಿತೆ ಕೋಜಿ ಉಳಿದಿಬ್ಬರು. ಜರ್ಮನಿಯ ಬಾಡೆನ್‌ವೈಲರ್ ಎಂಬ ಬಿಸಿನೀರಿನ ಊರಿನಲ್ಲಿ ಅವರು ಕಂಡದ್ದು ಹಸಿರು, ತೆರೆದ ಜಾಗ ಮತ್ತು ಮೌನ. ಇವು ಮೂರನ್ನೂ ಆ ಊರು ಆಸ್ತಿಯಂತೆ ಕಾಪಾಡಿಕೊಂಡು ಬಂದಿತ್ತು.

ಊರಿಗೆ ಮರಳಿದವರು ಕೈಗೊಂಡ ಕೆಲಸಗಳಲ್ಲಿ ‘ಒಂದು ಹಸು, ಒಂದು ಪಾಲು’ ಎನ್ನಬಹುದಾದ ಯೋಜನೆ ಸ್ವಾರಸ್ಯಕರವಾದುದು. ದನ ಸಾಕುವುದು ಲಾಭದಾಯಕವಲ್ಲವೆಂದು ರೈತರು ಹುಲ್ಲುಗಾವಲು ಮಾರತೊಡಗಿದ್ದರು. ಅದಕ್ಕಾಗಿ 1972ರಲ್ಲಿ ನಗರವಾಸಿಗಳಿಂದ ಹಣ ಪಡೆದು ರೈತರಿಗೆ ಕರು ಕೊಡಿಸಿದರು. ಹಣ ಹಾಕಿದವರಿಗೆ ಬಡ್ಡಿಯ ಬದಲು ಊರಿನ ಅಕ್ಕಿ, ತರಕಾರಿ ಹೋಗುತ್ತಿತ್ತು. 1975ರ ಏಪ್ರಿಲ್‌ನಲ್ಲಿ ಭೂಕಂಪವಾಗಿ, ಯುಫುಯಿನ್ ನಾಶವಾಯಿತಂತೆ ಎಂಬ ವದಂತಿ ಹಬ್ಬಿತು. ಪ್ರವಾಸಿಗಳು ಬರುವುದು ನಿಂತಿತು. ಆಗ ಊರವರು ಕುದುರೆ ಗಾಡಿ ಓಡಿಸಿದರು, ಸಂಗೀತೋತ್ಸವ ಮಾಡಿದರು. ಹಸುವಿನ ಪಾಲುದಾರರನ್ನು ಕರೆಸಿ, ಬಯಲಿನಲ್ಲಿ ಊಟ ಹಾಕಿ, ಬೆಟ್ಟದ ಕಡೆ ಮುಖ ಮಾಡಿ ಜೋರಾಗಿ ಕೂಗುವ ಸ್ಪರ್ಧೆಯನ್ನೂ ಏರ್ಪಡಿಸಿದರು. ಮರುವರ್ಷ ಚಲನಚಿತ್ರೋತ್ಸವ ಆರಂಭವಾಯಿತು. ಆಗ ಊರಿನಲ್ಲಿ ಒಂದು ಚಿತ್ರಮಂದಿರವೂ ಇರಲಿಲ್ಲ!

ಮೂರನೆಯದು 1980ರ ದಶಕದ ಕೊನೆಯಲ್ಲಿ, ಜಪಾನಿನಲ್ಲಿ ಭೂಮಿಯ ಬೆಲೆ ಆಕಾಶಕ್ಕೇರಿದ್ದಾಗ. 1987ರಲ್ಲಿ ವಿಹಾರಧಾಮಗಳಿಗೆ ಉತ್ತೇಜನ ನೀಡುವ ಕಾಯ್ದೆ ಬಂದು, ದೇಶದ ಹಳ್ಳಿಗಳಲ್ಲೆಲ್ಲ ದೊಡ್ಡ ಹೋಟೆಲುಗಳು, ಬಹುಮಹಡಿ ವಸತಿ ಕಟ್ಟಡಗಳು ಏಳತೊಡಗಿದವು. ಯುಫುಯಿನ್ 1990ರಲ್ಲಿ ತನ್ನದೇ ನಿಯಮಾವಳಿ ಮಾಡಿ ಭಾರಿ ನಿರ್ಮಾಣಗಳಿಗೆ ಕಡಿವಾಣ ಹಾಕಿತು. ಹಾಗೆಂದು ಎಲ್ಲವೂ ಸುಖಾಂತವಲ್ಲ. ಹೆಸರು ಬಂದ ಮೇಲೆ ಜನಸಂದಣಿಯೂ ಬಂತು. ರೈಲು ನಿಲ್ದಾಣದಿಂದ ಕೊಳದವರೆಗಿನ ಬೀದಿಯಲ್ಲಿ ಹೊರಗಿನವರ ಅಂಗಡಿಗಳು ಸಾಲುಗಟ್ಟಿದವು. ಊರು ಕಾಪಾಡಿಕೊಂಡು ಬಂದ ಆ ಮೌನಕ್ಕೆ ಈಗ ಎದುರಾಳಿ ಅದರದೇ ಕೀರ್ತಿ.

ಬೆಂಕಿ ಉಳಿಸಿದ ಹುಲ್ಲು

ಯುಫುಯಿನ್ ದಾಟಿದ ಮೇಲೆ ಗದ್ದೆ ಮರೆಯಾಗಿ ಬಯಲು ತೆರೆದುಕೊಳ್ಳುತ್ತದೆ. ಕುಜು ಬೆಟ್ಟಗಳ ಬುಡದಿಂದ ಆಸೊವರೆಗೆ ಕಣ್ಣು ಹಾಯುವಷ್ಟು ದೂರ ಹುಲ್ಲು. 1934ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಪ್ರದೇಶ ಇದು. ಮಳೆ ಹೆಚ್ಚಿರುವ ಈ ನಾಡಿನಲ್ಲಿ ನೆಲವನ್ನು ಅದರ ಪಾಡಿಗೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಪೊದೆ, ಅನಂತರ ಕಾಡು ಬೆಳೆಯುತ್ತದೆ. ಇಲ್ಲಿ ಹುಲ್ಲು ಉಳಿದಿರುವುದು ಜನ ಅದನ್ನು ಸುಡುತ್ತ ಬಂದಿರುವುದರಿಂದ.

ಪ್ರತಿವರ್ಷ ಚಳಿ ಕಳೆಯುವ ಹೊತ್ತಿಗೆ, ಮುಖ್ಯವಾಗಿ ಮಾರ್ಚ್‌ನಲ್ಲಿ, ಊರವರು ಒಟ್ಟಾಗಿ ಒಣಹುಲ್ಲಿಗೆ ಬೆಂಕಿ ಹಾಕುತ್ತಾರೆ. ಕಪ್ಪಾದ ಬೆಟ್ಟ ಕೆಲವೇ ವಾರಗಳಲ್ಲಿ ಹಸಿರಾಗಿ, ಕಂದು ಬಣ್ಣದ ದನಗಳು ಮೇಯಲು ಬರುತ್ತವೆ. ಹತ್ತನೇ ಶತಮಾನದ ರಾಜಾಡಳಿತದ ದಾಖಲೆಗಳಲ್ಲೇ ಆಸೊ ಸೀಮೆಯ ಹುಲ್ಲುಗಾವಲುಗಳ ಪ್ರಸ್ತಾಪವಿದೆ. ಇವು ನಮ್ಮ ಗೋಮಾಳಗಳಂತೆ ಊರೊಟ್ಟಿನ ನೆಲ. ಯಾರು ಎಷ್ಟು ದನ ಬಿಡಬಹುದು, ಯಾರು ಯಾವ ಕಡೆ ಹುಲ್ಲು ಕೊಯ್ಯಬಹುದು, ಬೆಂಕಿ ಹಾಕುವ ದಿನ ಮನೆಗೊಬ್ಬರಂತೆ ಯಾರು ಬರಬೇಕು ಎಂಬುದನ್ನು ಊರ ಸಂಘವೇ ತೀರ್ಮಾನಿಸುತ್ತದೆ.

ಈಗ ದನ ಕಡಿಮೆಯಾಗಿವೆ, ಊರಿನಲ್ಲಿ ಉಳಿದವರಿಗೆ ವಯಸ್ಸಾಗಿದೆ. ಕಳೆದ ನೂರು ವರ್ಷಗಳಲ್ಲಿ ಆಸೊದ ಹುಲ್ಲುಗಾವಲು ಅರ್ಧಕ್ಕಿಂತ ಕಡಿಮೆಗೆ ಇಳಿದು, ಸುಮಾರು 22 ಸಾವಿರ ಹೆಕ್ಟೇರ್ ಉಳಿದಿದೆ. 1990ರ ದಶಕದ ಕೊನೆಯಿಂದ ನಗರದ ಸ್ವಯಂಸೇವಕರು ತರಬೇತಿ ಪಡೆದು ಸುಡುವ ಕೆಲಸಕ್ಕೆ ಕೈಜೋಡಿಸುತ್ತಿದ್ದಾರೆ. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಆಸೊದ ಈ ಪದ್ಧತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಇದೇ ಬೆಟ್ಟಗಳಲ್ಲಿ ಹಬೆಯ ಇನ್ನೊಂದು ಉಪಯೋಗವೂ ಕಾಣುತ್ತದೆ. ಓತಾಕೆಯಲ್ಲಿ 1967ರಲ್ಲಿ, ಹಾಚೋಬಾರುವಿನಲ್ಲಿ 1977ರಲ್ಲಿ ಭೂಶಾಖದಿಂದ ವಿದ್ಯುತ್ ತೆಗೆಯುವ ಸ್ಥಾವರಗಳು ಆರಂಭವಾದವು. 1990ರಲ್ಲಿ ಎರಡನೇ ಘಟಕ ಸೇರಿದ ಮೇಲೆ ಹಾಚೋಬಾರುವಿನ ಸಾಮರ್ಥ್ಯ 110 ಮೆಗಾವಾಟ್; ಜಪಾನಿನಲ್ಲಿ ಈ ಬಗೆಯ ಸ್ಥಾವರಗಳಲ್ಲಿ ಇದೇ ದೊಡ್ಡದು. ಭೂಶಾಖದ ಸಂಪತ್ತಿನಲ್ಲಿ ಜಪಾನ್ ಜಗತ್ತಿನಲ್ಲೇ ಮೂರನೇ ಸ್ಥಾನದಲ್ಲಿದ್ದರೂ ಬಳಕೆ ಅತ್ಯಲ್ಪ. ಬುಗ್ಗೆಗಳು ಬತ್ತಿದರೆ ಗತಿಯೇನು ಎಂಬ ಒನ್‌ಸೆನ್ ಊರುಗಳ ಭಯ ಇದಕ್ಕೆ ಮುಖ್ಯ ಕಾರಣ. 2011ರ ಫುಕುಶಿಮಾ ಅಣುಸ್ಥಾವರ ದುರಂತದ ಬಳಿಕ ಈ ಚರ್ಚೆಗೆ ಮತ್ತೆ ಜೀವ ಬಂತು. ಹತ್ತಿರದ ಓಗುನಿಯಲ್ಲಿ, ಹಿಂದೆ ದೊಡ್ಡ ಯೋಜನೆಯೊಂದು ಊರನ್ನೇ ಎರಡಾಗಿ ಒಡೆದು ನಿಂತುಹೋಗಿತ್ತು. ಅಲ್ಲಿನ ವಾಯಿತಾ ಬೆಟ್ಟದ ಬುಡದ ನಿವಾಸಿಗಳೇ ಬಳಿಕ ಸಂಸ್ಥೆ ಕಟ್ಟಿ, 2014ರಲ್ಲಿ 2 ಮೆಗಾವಾಟ್‌ನ ಸಣ್ಣ ಸ್ಥಾವರ ಆರಂಭವಾಗುವಂತೆ ಮಾಡಿದರು. ಹಬೆ ಊರಿನದಾದರೆ ಆದಾಯದ ಪಾಲೂ ಊರಿಗೆ ಬರಲಿ ಎಂಬುದು ಅವರ ಲೆಕ್ಕಾಚಾರ.

ತಮ್ಮ ಫಲಕ ತಾವೇ ಕಿತ್ತವರು

ಮಾಕಿನೊತೊ ಇಳಿದು ಸೆನೊಮೊತೊ ಬಯಲಿನಲ್ಲಿ ಪಶ್ಚಿಮಕ್ಕೆ ತಿರುಗಿದರೆ ಕೆಲವೇ ಕಿಲೋಮೀಟರ್ ದೂರದಲ್ಲಿ ಕುರೊಕಾವಾ. ಸಣ್ಣ ಹೊಳೆಯ ಎರಡೂ ದಡಗಳಲ್ಲಿ ಸುಮಾರು 30 ವಸತಿಗೃಹಗಳು. 1964ರಲ್ಲಿ ಯಾಮಾನಾಮಿ ತೆರೆದಾಗ ಇಲ್ಲಿಗೆ ಜನ ನುಗ್ಗಿದರು. ಸಾಲ ತಂದು ಕಟ್ಟಡ ವಿಸ್ತರಿಸಿದ್ದೂ ಆಯಿತು. ಆದರೆ ಆ ಭರಾಟೆ ಬಹುಕಾಲ ಉಳಿಯಲಿಲ್ಲ. ರಸ್ತೆ ತಂದ ಜನರನ್ನು ರಸ್ತೆಯೇ ಬೇರೆ ಊರಿಗೆ ಕರೆದೊಯ್ದಿತು.

ಊರಿನಲ್ಲಿ ಗೋತೊ ತೆತ್ಸುಯಾ ಎಂಬ ಮಾಲೀಕರೊಬ್ಬರ ವಸತಿಗೃಹ ಮಾತ್ರ ತುಂಬಿರುತ್ತಿತ್ತು. ಆತ ತನ್ನ ಮನೆಯ ಹಿಂದಿನ ಬಂಡೆಯನ್ನು ಉಳಿ, ಸುತ್ತಿಗೆಯಿಂದ ವರ್ಷಗಟ್ಟಲೆ ಕೊರೆದು ಗುಹೆಯ ಸ್ನಾನತೊಟ್ಟಿ ಮಾಡಿದ್ದರು. ಸುತ್ತ ಕಾಡಿನ ಗಿಡಗಳನ್ನು ತಂದು ನೆಟ್ಟಿದ್ದರು. ಉಳಿದವರು ಅವರ ಬಳಿ ಕಲಿತರು. ಬಯಲು ತೊಟ್ಟಿಗಳನ್ನು ಕಟ್ಟಿಕೊಂಡರು. ಆದರೆ ಎರಡು ಮನೆಗಳಿಗೆ ಜಾಗವೇ ಇರಲಿಲ್ಲ. ಅವರನ್ನು ಬಿಟ್ಟು ಮುಂದೆ ಹೋಗುವುದೇ ಎಂಬ ಪ್ರಶ್ನೆ ಎದ್ದಾಗ, 1986ರಲ್ಲಿ ಹುಟ್ಟಿದ್ದು ‘ತೆಗಾತಾ’ ಎಂಬ ಮರದ ಬಿಲ್ಲೆ. ಸ್ಥಳೀಯ ಮರದಿಂದ ಮಾಡಿದ ಈ ಬಿಲ್ಲೆ ಕೊಂಡವರು ಊರಿನ ಯಾವುದೇ ಮೂರು ಮನೆಗಳ ತೊಟ್ಟಿಯಲ್ಲಿ ಮೀಯಬಹುದು. ಉಳಿಯುವುದು ಒಬ್ಬರ ಮನೆಯಲ್ಲಿ, ಮೀಯುವುದು ಎಲ್ಲರ ಮನೆಯಲ್ಲಿ. ಇಡೀ ಊರೇ ಒಂದು ವಸತಿಗೃಹ, ಬೀದಿಗಳೇ ಅದರ ಪಡಸಾಲೆ ಎಂಬ ಮಾತು ರೂಢಿಗೆ ಬಂತು. ದಾರಿಯುದ್ದಕ್ಕೂ ಪೈಪೋಟಿಗೆ ಬಿದ್ದು ನಿಲ್ಲಿಸಿದ್ದ ಸುಮಾರು 200 ಜಾಹೀರಾತು ಫಲಕಗಳನ್ನು ಮಾಲೀಕರು ತಾವೇ ಕಿತ್ತುಹಾಕಿದರು.

ಇಂಥ ಸೀಮೆಯಲ್ಲೇ 2003ರ ನವೆಂಬರ್‌ನಲ್ಲಿ ಒಂದು ಕಹಿ ಘಟನೆ ನಡೆಯಿತು. ಕುಷ್ಠರೋಗದಿಂದ ಎಂದೋ ಗುಣಮುಖರಾಗಿದ್ದ, ಕುಮಾಮೊಟೊ ಪ್ರಾಂತದ ಸರ್ಕಾರಿ ಆರೈಕೆ ಕೇಂದ್ರದ ನಿವಾಸಿಗಳು ಕುರೊಕಾವಾಗೆ ಪ್ರವಾಸ ಹೊರಟಿದ್ದರು. ಹೊರಗಿನ ಕಂಪನಿಯೊಂದರ ಒಡೆತನದಲ್ಲಿದ್ದ ಹೋಟೆಲು ಅವರಿಗೆ ಕೊಠಡಿ ಕೊಡಲು ಒಪ್ಪಲಿಲ್ಲ. ರೋಗಿಗಳನ್ನು ಬಲವಂತವಾಗಿ ದೂರವಿಡುವ ಕಾನೂನು 1996ರಲ್ಲೇ ರದ್ದಾಗಿತ್ತು. ಆ ಕಾನೂನು ಸಂವಿಧಾನ ವಿರೋಧಿ ಎಂದು 2001ರಲ್ಲಿ ಕುಮಾಮೊಟೊ ನ್ಯಾಯಾಲಯವೇ ತೀರ್ಪು ನೀಡಿತ್ತು. ಪ್ರಾಂತದ ಆಡಳಿತ ವಿಷಯವನ್ನು ಬಹಿರಂಗಗೊಳಿಸಿ ಕ್ರಮ ಕೈಗೊಂಡಿತು. ಮರುವರ್ಷ ಹೋಟೆಲು ಮುಚ್ಚಿತು. ಆದರೆ ಆ ವೃದ್ಧರಿಗೆ ದೇಶದ ನಾನಾ ಕಡೆಯಿಂದ ನಿಂದನೆಯ ಪತ್ರಗಳೂ ಬಂದವು. ನೀರು ಎಲ್ಲರದು ಎನ್ನುವುದು ಸುಲಭ, ‘ಎಲ್ಲರು’ ಯಾರು ಎಂಬುದರಲ್ಲೇ ಕಷ್ಟ ಎಂಬುದನ್ನು ಈ ಘಟನೆ ತೋರಿಸಿತು.

ಹಾದಿ ಸೇರುವ ತಾಣ

ಸೆನೊಮೊತೊದಿಂದ ದಕ್ಷಿಣಕ್ಕೆ ಸಾಗಿದರೆ ನೆಲ ಇದ್ದಕ್ಕಿದ್ದಂತೆ ಕುಸಿದು, ಆಸೊದ ಮಹಾ ಬಟ್ಟಲು ಕಾಣುತ್ತದೆ. ಸುಮಾರು 90 ಸಾವಿರ ವರ್ಷಗಳ ಹಿಂದಿನ ಭಾರಿ ಸ್ಫೋಟದ ನಂತರ ನೆಲ ಕುಸಿದು ಈಗಿನ ರೂಪ ತಳೆದ ಈ ಬಟ್ಟಲು ಉತ್ತರ-ದಕ್ಷಿಣವಾಗಿ 25, ಪೂರ್ವ-ಪಶ್ಚಿಮವಾಗಿ 18 ಕಿಲೋಮೀಟರ್. ಅದರೊಳಗೆ ಊರುಗಳಿವೆ, ಗದ್ದೆಗಳಿವೆ, ರೈಲು ಓಡುತ್ತದೆ. ನಡುವೆ ಜ್ವಾಲಾಮುಖಿ ಹೊಗೆಯಾಡುತ್ತದೆ. ಬಿಸಿನೀರು ಕೊಡುವ ಭೂಮಿ ನಡುಗುವುದೂ ಉಂಟು. 2016ರ ಏಪ್ರಿಲ್ 16ರ ಭೂಕಂಪದಲ್ಲಿ ಇಲ್ಲಿನ ದೊಡ್ಡ ಸೇತುವೆ ಕಣಿವೆಗೆ ಬಿತ್ತು. ಹೆದ್ದಾರಿ, ರೈಲುಮಾರ್ಗ ತುಂಡಾದವು. ಎರಡೂ 2020ರಲ್ಲಿ ಮತ್ತೆ ತೆರೆದವು. ಹೊಸ ಸೇತುವೆಯ ಮೇಲೆ ವಾಹನ ಓಡಿದ್ದು 2021ರ ಮಾರ್ಚ್‌ನಲ್ಲಿ.

ಆರಂಭದಲ್ಲಿ ಸುಂಕ ಕೊಟ್ಟು ಸಾಗಬೇಕಿದ್ದ ಯಾಮಾನಾಮಿ ಹಾದಿ 1994ರಿಂದ ಎಲ್ಲರಿಗೂ ಮುಕ್ತ. ಕಾರಿನ ಕಿಟಕಿಯಿಂದ ನೋಡುವವನಿಗೆ ಕಾಣುವುದು ಬೆಟ್ಟ, ಹುಲ್ಲು, ಹಬೆ. ನೀರು ತುಂಬದೆ ಉಳಿದ ಗದ್ದೆಬಯಲು, ಗಾಲ್ಫ್ ಮೈದಾನವಾಗದ ಜೌಗು, ಫಲಕವಿಲ್ಲದ ರಸ್ತೆಯ ತಿರುವು, ಇವುಗಳ ಹಿಂದೆ ಊರ ಸಭೆಗಳ ಜಗಳ, ಸಾಲ, ದುಡಿಮೆ ಇದೆ. ಬರುವ ಮಾರ್ಚ್‌ನಲ್ಲೂ ಆಸೊದ ಜನ ಬೆಂಕಿ ಹಿಡಿದು ಬೆಟ್ಟ ಹತ್ತಬೇಕು. ಒಂದೆರಡು ವರ್ಷ ಅವರು ಸುಮ್ಮನಿದ್ದರೂ ಸಾಕು, ಪೊದೆ ಬೆಳೆಯತೊಡಗುತ್ತದೆ.